ಎರಡೇ ಬೆರಳು

ಹೆರಿಗೆ ಮನೆಗೆ ಹೊಸದಾಗಿ ಕೆಲಸಕ್ಕೆ ಸೇರುವ ಹೆಂಗಸರಿಗೆ ಗೋಡೆಯಕ್ಕ ಮೊದಲು ಹೇಳಿಕೊಡುವ ಪಾಠ ಒಂದೇ. ನೋವು ತಿನ್ನುತ್ತಿರುವವಳು ಕೈ ಚಾಚಿದರೆ ಎರಡೇ ಬೆರಳು ಕೊಡಬೇಕು. ತೋರುಬೆರಳು, ನಡುಬೆರಳು, ಅಷ್ಟೇ. ಅಯ್ಯೋ ಪಾಪ ಅಂತ ಕರಗಿ ಇಡೀ ಕೈ ಕೊಟ್ಟಿರೋ, ಕೆಟ್ಟಿರಿ. ಹೆರುವ ಹೆಂಗಸಿನ ಹಿಡಿತದಲ್ಲಿ ಗೆಣ್ಣಿಗೆ ಗೆಣ್ಣು ಅರೆದು ಕಣ್ಣಲ್ಲಿ ನೀರು ಬರುತ್ತದೆ, ಉಂಗುರವಿದ್ದರೆ ಮಾಂಸಕ್ಕೇ ಇಳಿಯುತ್ತದೆ. "ಎರಡು ಬೆರಳಾದ್ರೆ ಬೇಕಾದಾಗ ಜಾರಿಸ್ಕೋಬಹುದು. ಇಡೀ ಕೈ ಕೊಟ್ಮೇಲೆ ಅದು ನಿನ್ನ ಕೈ ಅಲ್ಲ, ಅವಳದ್ದು" ಎನ್ನುತ್ತಾಳೆ. ಈ ಪಾಠ ಹೇಳುವಷ್ಟು ಹೊತ್ತೂ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾಳೆ.

ಗೋಡೆಯಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಸುರಿಯರು ಇಟ್ಟದ್ದು. ಅವಳು ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ, ಅಂಥ ಮೈಕಟ್ಟು. ನೋವು ಬಂದಾಗ ಹೆಂಗಸರು ಅವಳಿಗೆ ಒರಗಿ ನಿಲ್ಲುತ್ತಾರೆ, ಜೋತು ಬೀಳುತ್ತಾರೆ, ಎದೆಗೆ ಗುದ್ದುತ್ತಾರೆ, ತೋಳಿಗೆ ಹಲ್ಲು ಊರುತ್ತಾರೆ, ಅವಳ ವಂಶವನ್ನೆಲ್ಲ ಎಳೆದು ತಂದು ಬೈಯುತ್ತಾರೆ. ಅವಳು ಮಾತ್ರ "ಬೈಯಮ್ಮ ಬೈಯಿ, ಬಾಯಿ ಬಿಗಿ ಹಿಡೀಬೇಡ, ಬಾಯಿ ಬಿಟ್ರೆ ಕೆಳಗೂ ಬಿಟ್ಕೊಳ್ಳತ್ತೆ" ಎಂದು ಸೊಂಟ ನೀವುತ್ತ ನಿಂತಿರುತ್ತಾಳೆ. ಅವಳ ತೋಳು ನೋಡಿದರೆ ಮನೆಯಲ್ಲಿ ಹುಚ್ಚುನಾಯಿ ಸಾಕಿದ್ದಾಳೋ ಏನೋ ಅನ್ನಿಸಬೇಕು.

ಆ ಮನೆಯ ಒಡತಿ ಸೂಲಗಿತ್ತಿ. ಸೂಲಗಿತ್ತಿ ಎಂದ ಕೂಡಲೇ ಬೊಚ್ಚುಬಾಯಿಯ ಅಜ್ಜಿಯನ್ನು ನೆನೆಸಿಕೊಳ್ಳಬೇಡಿ. ನರ್ಸಿಂಗ್ ಓದಿ, ಹೆರಿಗೆಗೆಂದೇ ಬೇರೆ ತರಬೇತಿ ಮಾಡಿ, ಸರ್ಕಾರದ ಪರವಾನಗಿಯನ್ನು ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದವಳು. ಕಡ್ಡಿಯಂಥ ಹೆಂಗಸು, ನಾಲಿಗೆ ಮಾತ್ರ ಕತ್ತಿ. ಮಗುವಿನ ಎದೆಬಡಿತ ಕೇಳುವುದು, ದಾರಿ ಎಷ್ಟು ತೆರೆದಿದೆ ಎಂದು ನೋಡುವುದು, ಮಗುವನ್ನು ಹಿಡಿಯುವುದು, ರಕ್ತ ನಿಲ್ಲಿಸುವುದು, ಕೈ ಮೀರಿದರೆ ಆಸ್ಪತ್ರೆಗೆ ಸಾಗಿಸುವುದು, ಇದೆಲ್ಲ ಅವಳ ಪಾಲು. ಗೋಡೆಯಕ್ಕ ಇದಾವುದನ್ನೂ ಮುಟ್ಟುವಂತಿಲ್ಲ. "ಸೊಂಟದಿಂದ ಕೆಳಗೆ ನನ್ನ ರಾಜ್ಯ. ಮೇಲೆ ನಿಂದು. ಗಡಿ ದಾಟಿದ್ರೆ ಕೈ ಕತ್ತರಿಸ್ತೀನಿ" ಎಂದು ಮೊದಲ ದಿನವೇ ಹೇಳಿದ್ದಳು. ಒಳಗೆ ಬಂದ ಬಸುರಿ ಗೋಡೆಯಕ್ಕನನ್ನು ನೋಡಿ "ಇವರೂ ನರ್ಸಾ?" ಎಂದು ಕೇಳಿದರೆ ಸೂಲಗಿತ್ತಿಯೇ ಉತ್ತರ ಕೊಡುತ್ತಾಳೆ. "ಅಲ್ಲ. ನಾನು ನಿನ್ನನ್ನೂ ನೋಡ್ಬೇಕು, ಮಗೂನೂ ನೋಡ್ಬೇಕು. ಇವಳು ನಿನ್ನೊಬ್ಬಳನ್ನೇ ನೋಡ್ತಾಳೆ. ನಿನ್ನ ಮುಖ ಬಿಟ್ಟು ಅವಳ ಕಣ್ಣು ಆಚೀಚೆ ಹೋದ್ರೆ ನಂಗೆ ಹೇಳು."

ಒಮ್ಮೆ ತರಬೇತಿ ಶಿಬಿರಕ್ಕೆ ಬಂದ ಮೇಡಂ ಒಬ್ಬರು, ನೀವು ಮಾಡುವ ಕೆಲಸಕ್ಕೆ ಡೌಲಾ ಅಂತ ಹೆಸರಿದೆ ಎಂದು ತಿಳಿಸಿಕೊಟ್ಟರು. "ನಮಗೆಲ್ಲಿಯ ಡೌಲು ಮೇಡಂ, ಕಚ್ಚಿಸ್ಕೊಳ್ಳೋದ್ರಲ್ಲೇ ಆಯಸ್ಸು ಮುಗೀತು" ಎಂದು ಗೋಡೆಯಕ್ಕ ನಕ್ಕು, ಶಿಬಿರದವರನ್ನೆಲ್ಲ ನಗಿಸಿ ಬಂದಿದ್ದಳು.

ಹಾಗೆಂದು ಅವಳು ಸಾಧುಪ್ರಾಣಿ ಎಂದುಕೊಂಡರೆ ಮೋಸ ಹೋದಿರಿ. ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಕೋಪ. ಹರೆಯದಲ್ಲಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಳು. ಮೇಸ್ತ್ರಿ ಮೈ ಸವರಲು ಬಂದಾಗ ಬೆನ್ನ ಮೇಲಿದ್ದ ಮೂಟೆಯನ್ನು ಹಾಗೇ ಅವನ ಮೇಲೆ ಕೆಡವಿದಳು. ಅವನ ಪಕ್ಕೆಲುಬು ಮುರಿಯಿತು, ಇವಳ ಕೆಲಸ ಹೋಯಿತು. ಕಟ್ಟಿಕೊಂಡ ಗಂಡ ಹೊಡೆಯುವ ಪೈಕಿ. ಇವಳೂ ತಿರುಗಿಸಿ ಹೊಡೆಯುತ್ತಿದ್ದಳು. ಅಕ್ಕಪಕ್ಕದವರು ಸಂಜೆ ಪಾತ್ರೆ ಬೀಳುವ ಸದ್ದಿಗೆ ಕಿವಿಗೊಟ್ಟು, ಇವತ್ತು ಗೆದ್ದವರು ಯಾರು ಎಂದು ಮಾತಾಡಿಕೊಳ್ಳುತ್ತಿದ್ದರು. ಬಸುರಾದ ಮೇಲೆ ಅವಳು ತಿರುಗಿಸಿ ಹೊಡೆಯುವುದನ್ನು ಬಿಟ್ಟಳು. ಹೊಡೆಯುವ ಕೈಗಳೆರಡೂ ಹೊಟ್ಟೆಗೆ ಅಡ್ಡ ಹಿಡಿಯಲು ಬೇಕಾದವು. ಅವನಿಗೆ ಅಷ್ಟೇ ಸಾಕಾಯಿತು.

ಹೆರಿಗೆ ದೊಡ್ಡಾಸ್ಪತ್ರೆಯಲ್ಲಿ. ಅಲ್ಲಿ ನಮ್ಮವರು ಅನ್ನುವವರನ್ನು ಯಾರನ್ನೂ ಒಳಗೆ ಬಿಡುವುದಿಲ್ಲ. ಸಾಲು ಮಂಚ, ಸಾಲು ಕೂಗು. ಕೈ ಕಾಲು ಒದರಬೇಡ ಎಂದು ಗಾಯದ ಪಟ್ಟಿಯ ಬಟ್ಟೆಯಲ್ಲಿ ಅವಳ ಮಣಿಕಟ್ಟುಗಳನ್ನು ಮಂಚದ ಸರಳಿಗೆ ಬಿಗಿದರು. ಆಯಾ ತೊಡೆಗೆ ಚಟೀರೆಂದು ಬಾರಿಸಿ, "ಗಂಡನ ಪಕ್ಕ ಮಲಗೋವಾಗ ಹೀಗೇ ಕೂಗಿದ್ಯಾ?" ಎಂದು ಕೇಳಿದಳು. ಗೋಡೆಯಕ್ಕನಿಗೆ ಆ ಏಟು ನೆನಪಿಲ್ಲ, ಅದಕ್ಕಿಂತ ದೊಡ್ಡ ಏಟು ತಿಂದವಳು. ನೆನಪಿರುವುದು, ಕಟ್ಟಿದ ಕೈಯ ಬೆರಳುಗಳು ಹಿಡಿಯಲು ಏನಾದರೂ ಸಿಗುತ್ತದೋ ಎಂದು ಗಾಳಿಯಲ್ಲಿ ಹುಡುಕಿದ್ದು. ಏನೂ ಸಿಗಲಿಲ್ಲ. ಮಗು ಉಸಿರಾಡಲಿಲ್ಲ. ಮನೆಗೆ ಬಂದಾಗ ಗಂಡ, "ಒಂದು ಮಗು ನೆಟ್ಟಗೆ ಹೆರೋಕೂ ಬರಲ್ವಾ ನಿಂಗೆ?" ಎಂದ. ಇಸ್ತ್ರಿಪೆಟ್ಟಿಗೆ ಕೈಗೆ ಹತ್ತಿರದಲ್ಲಿತ್ತು. ಅವನ ದವಡೆ ಈಗಲೂ ಓರೆಯಂತೆ, ಮಾತಾಡಿದರೆ ಜೊಲ್ಲು ಸೋರುತ್ತದಂತೆ. ಎಲ್ಲಿದ್ದರೂ ಸುಖವಾಗಿರಲಿ.

ಸೂಲಗಿತ್ತಿಯ ಮನೆಗೆ ಅವಳು ಬಂದದ್ದು ಕೆಲಸ ಹುಡುಕಿಕೊಂಡಲ್ಲ. ಓಣಿಯ ಹೆಂಗಸೊಬ್ಬಳಿಗೆ ನೋವು ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದ್ದಳು. ಆ ಹೆಂಗಸು ದಾರಿಯುದ್ದಕ್ಕೂ ಅವಳ ಭುಜ ಕಚ್ಚುತ್ತಲೇ ಬಂದಿದ್ದಳು. ಅಂಗಿ ರಕ್ತವಾಗಿತ್ತು. ಮಗು ಹುಟ್ಟಿದ ಮೇಲೆ ಸೂಲಗಿತ್ತಿ ಆ ಗಾಯಕ್ಕೆ ಔಷಧಿ ಹಚ್ಚುತ್ತ ಕೇಳಿದಳು: "ಇಷ್ಟು ಕಚ್ಚಿಸ್ಕೊಂಡೂ ಸುಮ್ನಿದ್ಯಲ್ಲೇ. ಯಾರು ಹೊಡೆದ್ರೂ ಹೀಗೇ ಸುಮ್ನಿರ್ತೀಯಾ?"

"ಹೆರೋವಳು ಹೊಡೆದ್ರೆ ಸುಮ್ನಿರ್ತೀನಿ. ಬೇರೆಯವರು ಹೊಡೆದ್ರೆ ಹಲ್ಲು ಉದುರಿಸ್ತೀನಿ."

"ನಾಳೆಯಿಂದ ಬಾ" ಎಂದಳು ಸೂಲಗಿತ್ತಿ.

ಆ ಎರಡನೆಯ ಮಾತನ್ನೇ ಸೂಲಗಿತ್ತಿ ಸ್ವಲ್ಪ ಗಮನಿಸಬೇಕಿತ್ತು. ಕೆಲಸ ಸೇರಿ ಕೆಲವು ವರ್ಷಗಳಾದ ಮೇಲೆ ದರ್ಜಿಯ ಹೆಂಡತಿ ಹೆರಿಗೆಗೆ ಬಂದಳು. ಒಳಗೆ ಅವಳು ಮಂಚದಲ್ಲಿ ಒದ್ದಾಡುತ್ತಿದ್ದರೆ, ಹೊರಗೆ ಮೆಟ್ಟಿಲ ಮೇಲೆ ಅವಳ ಗಂಡ ಕುಡಿದು ಕೂತು, ಈ ಸಲವೂ ಹೆಣ್ಣೇ ಆದರೆ ತಾಯಿ ಮಗಳು ಇಬ್ಬರನ್ನೂ ಚರಂಡಿಗೆ ಹಾಕುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಸೂಲಗಿತ್ತಿ ಹಿಂದಿನ ಕೋಣೆಯಲ್ಲಿ ಕೈ ತೊಳೆಯುತ್ತಿದ್ದಳು. ಗೋಡೆಯಕ್ಕನ ಕೈ ತುರಿಸಿತು. "ಒಂದೇ ನಿಮಿಷ ಕಣಮ್ಮ" ಎಂದು ಎರಡು ಬೆರಳು ಜಾರಿಸಿಕೊಂಡು ಎದ್ದು ಹೋದಳು. ದರ್ಜಿಯ ಕಾಲರ್ ಹಿಡಿದು ಎತ್ತಿ, ಮೆಟ್ಟಿಲ ಕಂಬಿಗೆ ಮುಖ ಜಜ್ಜಿದಳು. ಮೂಗು ಮುರಿದ ಸದ್ದು ಕಿವಿಗೆ ಹಿತವಾಗಿಯೇ ಕೇಳಿಸಿತು, ಸುಳ್ಳೇಕೆ ಹೇಳಬೇಕು. ಇನ್ನೊಂದು ಕೊಟ್ಟಳು. ಮತ್ತೊಂದು ಕೊಟ್ಟಳು.

ಒಳಗೆ ದರ್ಜಿಯ ಹೆಂಡತಿ ಕೈ ಚಾಚಿದಳು, ಕೈ ಸಿಗಲಿಲ್ಲ. ಹುಡುಕಿಕೊಂಡು ಎದ್ದಳು. ಅದೇ ಹೊತ್ತಿಗೆ ನೋವು ಬಂದು ಮಂಚದಿಂದ ಕೆಳಗೆ, ಹೊಟ್ಟೆ ಅಡಿಯಾಗಿ ಬಿದ್ದಳು. ಗೋಡೆಯಕ್ಕ ಒಳಗೆ ಬರುವಾಗ ನೆಲದ ತುಂಬ ರಕ್ತ. ಆಂಬ್ಯುಲೆನ್ಸ್‌ಗೆ ಏರಿಸುವಾಗ ಆ ಹೆಂಗಸು ಬೈಯಲಿಲ್ಲ, ಅಳಲಿಲ್ಲ. "ಎಲ್ಲಿ ಹೋಗಿದ್ದೆ ಅಕ್ಕಾ?" ಎಂದಷ್ಟೇ ಕೇಳಿದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದರು. ಅವಳು ಬದುಕಿದಳು. ಮಗು ಬದುಕಲಿಲ್ಲ.

ಸೂಲಗಿತ್ತಿ ಅಂದು ಕಿರುಚಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹೊಡೆದಿದ್ದು ಸರಿಯೋ ತಪ್ಪೋ ನಂಗೆ ಬೇಡ. ಬಿಟ್ಟು ಹೋಗಿದ್ದು ತಪ್ಪು. ನಾನು ಕೈ ತೊಳೆಯೋಕೆ ಧೈರ್ಯವಾಗಿ ಹೋಗಿದ್ದೇ ನೀನು ಅಲ್ಲಿದ್ದೀಯ ಅಂತ. ಇನ್ನೊಂದು ಸಲ ಹೆರೋವಳ ಕೈ ಬಿಟ್ಟು ಯಾರನ್ನಾದ್ರೂ ಹೊಡೆಯೋಕೆ ಹೋದ್ಯೋ, ಹಾಗೇ ಮೆಟ್ಟಿಲು ಇಳಿದು ಹೋಗ್ಬಿಡು. ತಿರುಗಿ ಮುಖ ತೋರಿಸ್ಬೇಡ." ಆಮೇಲೆ ಗೋಡೆಯಕ್ಕ ಬೀದಿಯಲ್ಲಿ ಹೊಲಿಗೆ ಅಂಗಡಿ ಬಂದರೆ ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗತೊಡಗಿದಳು.

ಹಾಗಿರುವಾಗ ಇಸ್ತ್ರಿ ಅಂಗಡಿಯ ಹುಡುಗಿ ಬಂದಳು. ಇನ್ನೂ ಮುಖದಲ್ಲಿ ಮೊಡವೆ ಮಾಸದ ಹುಡುಗಿ, ತುಂಬಿದ ಬಸುರಿ, ಕಣ್ಣ ಸುತ್ತ ಹಳದಿಗೆ ತಿರುಗಿದ ಹಳೆಯ ಏಟು. ಗಂಡ ಲಾರಿ ಓಡಿಸುವವನು. ಮಗು ತನ್ನದಲ್ಲ ಎಂಬ ಹುಳು ಅವನ ತಲೆಗೆ ಹೊಕ್ಕಿತ್ತು. ಹುಟ್ಟಲಿ, ಮುಖ ನೋಡಿ ಆಮೇಲೆ ಇಬ್ಬರನ್ನೂ ತೀರಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವಳು ಚಿಕ್ಕಮ್ಮನ ಮನೆಗೆ ಓಡಿಬಂದಿದ್ದಳು. ಆ ಚಿಕ್ಕಮ್ಮನೇ ಒಂದು ಮಧ್ಯಾಹ್ನ ನೋವು ಬಂದ ಹುಡುಗಿಯನ್ನು ಕರೆತಂದು, ಮುಂದಿನ ಕೋಣೆಯಲ್ಲಿ ಉಗುರು ಕಚ್ಚುತ್ತ ಕೂತಳು. ಬೀದಿಬಾಗಿಲಿಗೆ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಸೂಲಗಿತ್ತಿಯೇ ಹಾಕಿದಳು.

ಹುಡುಗಿ ಚೆನ್ನಾಗಿಯೇ ನೋವು ತಿಂದಳು. ಗೋಡೆಯಕ್ಕನ ಕುತ್ತಿಗೆಗೆ ಜೋತುಬಿದ್ದು ಕೋಣೆ ತುಂಬ ನಡೆದಳು, ಕೂದಲು ಎಳೆದಳು, ಎದೆಗೆ ಗುದ್ದಿದಳು. "ಗುದ್ದು ಕಂದಾ. ಇಲ್ಲಿ ತಿರುಗಿಸಿ ಹೊಡೆಯೋರು ಯಾರೂ ಇಲ್ಲ" ಎಂದಾಗ ಹುಡುಗಿ ಗುದ್ದುವುದನ್ನು ನಿಲ್ಲಿಸಿ ಅವಳ ಮುಖ ನೋಡಿ ಗಟ್ಟಿಯಾಗಿ ಅತ್ತುಬಿಟ್ಟಳು. ಅಂಥದ್ದೊಂದು ಜಾಗ ಇರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮಗುವಿನ ತಲೆಗೂದಲು ಕಾಣಿಸತೊಡಗಿದ ಹೊತ್ತಿಗೆ ಬೀದಿಬಾಗಿಲು ಧಡ್ ಎಂದಿತು.

"ಬಾರೇ ಹೊರಗೆ! ಬಾಗಿಲು ತೆಗೀರೇ, ಇಲ್ದಿದ್ರೆ ಮನೆಗೇ ಬೆಂಕಿ ಇಡ್ತೀನಿ!"

ದನಿ ಕೇಳಿದ್ದೇ ಹುಡುಗಿಯ ಮೈಯೆಲ್ಲ ಮರಗಟ್ಟಿತು. ಹತ್ತಿರ ಬಂದಿದ್ದ ನೋವು ಹಿಂದಕ್ಕೆ ಸರಿಯಿತು. "ಅಕ್ಕಾ" ಎಂದಳು. ಗೋಡೆಯಕ್ಕನ ಎರಡು ಬೆರಳು ಅವಳ ಮುಷ್ಟಿಯಲ್ಲಿದ್ದವು. ಆದರೆ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಬಲಗೈಯ ಉಳಿದ ಬೆರಳುಗಳು ತಮ್ಮಷ್ಟಕ್ಕೆ ಮಡಚಿಕೊಳ್ಳುತ್ತಿದ್ದವು. ದೇವರಾಣೆ, ಅವಳಿಗೆ ಆ ಹೊತ್ತು ಬೇಕಾಗಿದ್ದದ್ದು ಒಂದೇ, ಆ ದನಿ ಬರುತ್ತಿದ್ದ ಬಾಯಿ. ಅದರೊಳಗಿನ ಹಲ್ಲುಗಳು. ಸೂಲಗಿತ್ತಿ ತಲೆಯೆತ್ತಿ ಅವಳನ್ನೊಮ್ಮೆ ನೋಡಿದಳು. ಗೋಡೆಯಕ್ಕ ಹುಡುಗಿಯ ಮುಖಕ್ಕೆ ಮುಖ ಕೊಟ್ಟು, "ನನ್ನ ಕಣ್ಣು ನೋಡು. ಅವನು ಹೊರಗಿದ್ದಾನೆ. ನಾನು ಒಳಗಿದ್ದೀನಿ. ಉಸಿರು ಬಿಡು" ಎಂದಳು.

ತಲೆ ಹೊರಗೆ ಬಂತು. ಬಂದದ್ದು ಹಾಗೇ ಹಿಂದಕ್ಕೆ ಎಳೆದುಕೊಂಡಿತು, ಆಮೆ ಕತ್ತು ಎಳೆದುಕೊಳ್ಳುವ ಹಾಗೆ. ಕೆನ್ನೆ ಉಬ್ಬಿ ಅಲ್ಲೇ ನಿಂತಿತು. ಸೂಲಗಿತ್ತಿ ಒಮ್ಮೆಲೇ ದನಿ ಏರಿಸಿದಳು.

"ಭುಜ ಸಿಕ್ಕಿಹಾಕ್ಕೊಂಡಿದೆ. ಹಿಂದೆ ಹತ್ತಿ ಕೂತ್ಕೊಳೇ! ಅವಳ ಮಂಡಿ ಎರಡೂ ಎದೆಗೆ ಎಳಿ. ಎಳೆದು ಹಿಡ್ಕೊ. ಬಿಟ್ರೆ ಮಗು ಹೋಗತ್ತೆ."

ಭುಜ ಸಿಕ್ಕಿದ ಮಗುವಿಗೆ ಹೊಕ್ಕುಳಬಳ್ಳಿ ಒತ್ತಿಹೋಗಿರುತ್ತದೆ, ಉಸಿರೂ ಇಲ್ಲ. ಇರುವ ಹೊತ್ತು ತೀರ ಸ್ವಲ್ಪ. ಗೋಡೆಯಕ್ಕ ಮಂಚ ಹತ್ತಿ ಹುಡುಗಿಯ ಬೆನ್ನಿಗೆ ಎದೆ ಕೊಟ್ಟು ಕೂತಳು. ಎರಡು ತೋಳನ್ನೂ ಎರಡು ಮಂಡಿಗಳ ಅಡಿಗೆ ತೂರಿಸಿ ಹಿಂದಕ್ಕೆ ಎಳೆದು ಹಿಡಿದಳು. ಮಂಚದ ತಲೆಕಡೆ ಬಾಗಿಲು ಇತ್ತು, ಹಾಗಾಗಿ ಅವಳ ಬೆನ್ನು ಬಾಗಿಲಿಗೆ. ಬಲಗೈಯ ಎರಡು ಬೆರಳು ಇನ್ನೂ ಹುಡುಗಿಯ ಮುಷ್ಟಿಯಲ್ಲೇ ಇದ್ದವು. ಸೂಲಗಿತ್ತಿ ಹೊಟ್ಟೆಯ ಕೆಳಗೆ ಒತ್ತಿ ನೋಡಿದಳು, ಆಗಲಿಲ್ಲ. ಕೈಯನ್ನು ಒಳಕ್ಕೆ ಇಳಿಸಿದಳು. ಹುಡುಗಿ ಹಾಕಿದ ಕೂಗು ಮನುಷ್ಯರ ಕೂಗಿನಂತಿರಲಿಲ್ಲ.

ಅದೇ ಹೊತ್ತಿಗೆ ಬೀದಿಬಾಗಿಲ ಚಿಲಕಗಳೆರಡೂ ಕಿತ್ತುಬಂದವು. ಚಿಕ್ಕಮ್ಮ ಅಡ್ಡ ನಿಂತಳು, ಅವನು ಅವಳನ್ನು ಗೋಡೆಗೆ ಎಸೆದ. ಪರವಾನಗಿಯ ಚೌಕಟ್ಟು ಬಿದ್ದು ಗಾಜು ಚೂರಾಯಿತು. ಕೈಯಲ್ಲಿ ಲಾರಿಯ ಜಾಕಿ ರಾಡು ಹಿಡಿದುಕೊಂಡು ಅವನು ಒಳಗೆ ನುಗ್ಗಿದ. ಅವನಿಗೆ ಮೊದಲು ಕಂಡದ್ದು ಗೋಡೆಯಕ್ಕನ ಅಗಲ ಬೆನ್ನು. ಹೊಡೆದ.

ಏಟು ಭುಜದ ಮೂಳೆಗೆ ಬಿತ್ತು. ಮೈಯೆಲ್ಲ ಅದುರಿ, ಹುಡುಗಿಯ ಮುಷ್ಟಿಯಿಂದ ಎರಡು ಬೆರಳೂ ಅರ್ಧ ಜಾರಿದವು. ಜಾರಿದ್ದು ಹುಡುಗಿಗೆ ಗೊತ್ತಾಯಿತು.

"ಹೋಗ್ತಿದ್ದೀಯಾ ಅಕ್ಕಾ?"

ಇನ್ನೊಂದು ಏಟು ಬೆನ್ನಿಗೆ. ಗೋಡೆಯಕ್ಕ ಒಂದು ತೋಳು ಬಿಡಿಸಿಕೊಂಡು ತಿರುಗಿದ್ದರೆ ಸಾಕಿತ್ತು, ಅವನ ಹುಟ್ಟಡಗಿಸುತ್ತಿದ್ದಳು. ಅದನ್ನು ಅವಳು ಈಗಲೂ ಆಣೆ ಮಾಡಿ ಹೇಳುತ್ತಾಳೆ, ನಾನೂ ನಂಬುತ್ತೇನೆ. ಆದರೆ ಅವಳು ಮಾಡಿದ್ದು ಬೇರೆ. ಇಷ್ಟು ವರ್ಷ ಯಾರಿಗೂ ಕೊಡದೆ ಇದ್ದ ಇಡೀ ಬಲಗೈಯನ್ನು, ಐದೂ ಬೆರಳು ಸೇರಿಸಿ, ಹುಡುಗಿಯ ಕೈಗೆ ಕೊಟ್ಟಳು.

"ಇಲ್ಲೇ ಇದ್ದೀನಿ. ಹಿಡ್ಕೊ. ಮುಕ್ಕಿ ತಳ್ಳು!"

"ಮಂಡಿ ಎಳಿ!" ಎಂದು ಸೂಲಗಿತ್ತಿ ಕಿರುಚಿದಳು. ಅವಳು ತಲೆ ಎತ್ತಲೇ ಇಲ್ಲ. ಕೈ ಮಣಿಕಟ್ಟಿನವರೆಗೆ ಒಳಗಿತ್ತು, ಮಗುವಿನ ಹಿಂದಿನ ತೋಳನ್ನು ಹುಡುಕುತ್ತಿತ್ತು. "ಹೊಡೀಲಿ ಬಿಡೇ ಅವನು, ನೀನು ಎಳಿ!"

ಬೆನ್ನು ಬೀಳುವುದಿಲ್ಲ ಎಂದು ಗೊತ್ತಾಗಿ ಅವನು ಮಂಚದ ಬಲಗಡೆಗೆ ಬಂದ. ರಾಡು ಎತ್ತಿದ್ದು ಹುಡುಗಿಯ ಹೊಟ್ಟೆಗೆ. ಗೋಡೆಯಕ್ಕ ಹುಡುಗಿಯ ಕೈಯನ್ನೂ ಸೇರಿಸಿ ತನ್ನ ಬಲಗೈಯನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡಳು, ತನ್ನ ಕೈ ಮೇಲೆ, ಹುಡುಗಿಯ ಕೈ ಕೆಳಗೆ. ರಾಡು ಬಿತ್ತು. ಎರಡು ಬೆರಳಾಗಿದ್ದರೆ ಜಾರಿಸಿಕೊಳ್ಳಬಹುದಿತ್ತು. ಇಡೀ ಕೈ ಕೊಟ್ಟಾಗಿತ್ತು, ಅದು ಅವಳ ಕೈಯಾಗಿರಲಿಲ್ಲ. ಮೇಲಿನಿಂದ ಕಬ್ಬಿಣ, ಕೆಳಗಿನಿಂದ ಹೆರುವವಳ ಹಿಡಿತ. ಮೂಳೆ ಮುರಿದದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಗೋಡೆಯಕ್ಕನ ಕಣ್ಣಿಗೆ ಕತ್ತಲೆ ಕವಿಯಿತು. ಮಂಡಿ ಎಳೆದು ಹಿಡಿದ ತೋಳುಗಳು ಮಾತ್ರ ಸಡಿಲವಾಗಲಿಲ್ಲ.

ಅವನು ಮತ್ತೆ ರಾಡು ಎತ್ತುವಷ್ಟರಲ್ಲಿ ಚಿಕ್ಕಮ್ಮ ಎದ್ದು ಬಂದಿದ್ದಳು. ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಮೂಲೆಯ ಒಲೆಯ ಮೇಲೆ ಕತ್ತರಿ ಚಿಮಟ ಕುದಿಯುತ್ತಿದ್ದ ಪಾತ್ರೆಯಿತ್ತು. ಅದನ್ನು ಬರಿಗೈಯಲ್ಲೇ ಎತ್ತಿ, ಕುದಿನೀರು, ಕತ್ತರಿ, ಚಿಮಟ ಎಲ್ಲವನ್ನೂ ಅವನ ಮುಖದ ಮೇಲೆ ಸುರಿದಳು. ಅವನು ಬೊಬ್ಬೆ ಹೊಡೆದು ಮುಖ ಹಿಡಿದುಕೊಂಡು ಬಿದ್ದ. ಅವಳು ಖಾಲಿ ಪಾತ್ರೆಯಿಂದಲೇ ಅವನ ತಲೆಗೆ ಬಡಿಯತೊಡಗಿದಳು, ಪಾತ್ರೆ ಸೊಟ್ಟಗಾಗುವವರೆಗೂ ಬಡಿದಳು.

"ನನ್ನ ಕತ್ತರಿ!" ಎಂದು ಸೂಲಗಿತ್ತಿ ಗಂಟಲು ಹರಿಯುವಂತೆ ಕೂಗಿದಳು. "ಅದ್ರಲ್ಲಿ ನನ್ನ ಕತ್ತರಿ ಇತ್ತಲ್ಲೇ!"

ಅದೇ ಉಸಿರಿನಲ್ಲಿ ಒಳಗಿನ ಪುಟ್ಟ ತೋಳು ಅವಳ ಬೆರಳಿಗೆ ಸಿಕ್ಕಿತು. ತೋಳು ಹೊರಗೆ ಬಂತು, ಭುಜ ತಿರುಗಿತು, ಮಗು ಪೂರ್ತಿ ಜಾರಿ ಅವಳ ಮಡಿಲಿಗೆ ಬಿತ್ತು. ನೀಲಿ ಮೈ, ಜೋಲು ಕೈಕಾಲು, ಸದ್ದಿಲ್ಲ. ಬೆನ್ನು ತಿಕ್ಕಿದಳು. ಮೂಗು ಬಾಯಿ ಒರೆಸಿದಳು. ಉಸಿರು ಕೊಡುವ ರಬ್ಬರು ಚೀಲದ ಬಾಯನ್ನು ಮುಖಕ್ಕಿಟ್ಟು ಗಾಳಿ ಒತ್ತಿದಳು. ನೆಲದಲ್ಲಿ ಬಿದ್ದವನ ನರಳಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗೋಡೆಯಕ್ಕನಿಗೆ ದರ್ಜಿಯ ಹೆಂಡತಿಯ ರಕ್ತ ಮತ್ತೆ ಅದೇ ನೆಲದ ಮೇಲೆ ಕಾಣಿಸಿತು. ಸೂಲಗಿತ್ತಿ ಮತ್ತೆ ಗಾಳಿ ಒತ್ತಿದಳು. ಮಗು ಬಿಕ್ಕಳಿಸಿತು. ಆಮೇಲೆ ಬೀದಿಯೇ ಎದ್ದು ಬರುವಂತೆ ಅರಚಿತು.

ಬೀದಿ ನಿಜಕ್ಕೂ ಎದ್ದು ಬಂದಿತ್ತು. ಜನ ಅವನ ಕಾಲು ಹಿಡಿದು ಹೊರಗೆ ಎಳೆದುಕೊಂಡು ಹೋದರು. ಪೊಲೀಸರು ಬರುವ ಮೊದಲು ಅಲ್ಲಿ ಏನೇನಾಯಿತು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹುಡುಗಿಯ ಬೆರಳುಗಳನ್ನು ಗೋಡೆಯಕ್ಕನ ಕೈಯಿಂದ ಸೂಲಗಿತ್ತಿಯೇ ಒಂದೊಂದಾಗಿ ಬಿಡಿಸಿದಳು. ಆ ಕೈ ಉಬ್ಬಿ ಗುರುತು ಸಿಗದಂತಾಗಿತ್ತು.

"ನಾನು ಹೊಡೀಲಿಲ್ಲಮ್ಮ" ಎಂದಳು ಗೋಡೆಯಕ್ಕ.

"ನೋಡ್ದೆ" ಎಂದಳು ಸೂಲಗಿತ್ತಿ. ಎಂದೂ ಅಳದ ಆ ಕಡ್ಡಿ ಹೆಂಗಸು ಅವಳ ಹೆಗಲಿಗೆ ಹಣೆ ಹಚ್ಚಿ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಮಗುವಿನ ಹಿಂದೆ ಮಾಸು ಬೀಳುವುದನ್ನು ನೋಡಲು ಮಂಚದ ಕೆಳಗಡೆಗೆ ಹೋದಳು.

ಮೂಳೆ ಡಾಕ್ಟರು ಕಂಬಿ ಹಾಕಿದರು, ತೆಗೆದರು. ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ, ಹೆಬ್ಬೆರಳು ಒಳಕ್ಕೆ ಬರುವುದಿಲ್ಲ. ಮುಷ್ಟಿ ಕಟ್ಟಲು ಆಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳು ಮಾತ್ರ ನೆಟ್ಟಗಿವೆ. ಇಸ್ತ್ರಿ ಹುಡುಗಿ ಆಗಾಗ ಮಗುವನ್ನು ಎತ್ತಿಕೊಂಡು ಬರುತ್ತಾಳೆ, ಆ ಕೈ ನೋಡಿ ಪ್ರತಿ ಸಲವೂ ಅಳುತ್ತಾಳೆ, ಗೋಡೆಯಕ್ಕ ಪ್ರತಿ ಸಲವೂ ಬೈದು ಕಳಿಸುತ್ತಾಳೆ.

ಮೊನ್ನೆ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿ ಅವಳು ಬಾಗಿಲು ತೆಗೆದಳು. ದರ್ಜಿಯ ಹೆಂಡತಿ ನಿಂತಿದ್ದಳು, ತುಂಬಿದ ಹೊಟ್ಟೆ ಹೊತ್ತುಕೊಂಡು. ಒಮ್ಮೆ ಕುಯ್ದ ಹೊಟ್ಟೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದು ಸೂಲಗಿತ್ತಿ ಮೊದಲೇ ಬರೆದುಕೊಟ್ಟಿದ್ದಳು. ಈಗ ಅಲ್ಲಿ ಹೆರುವವಳ ಜೊತೆ ಒಬ್ಬರನ್ನು ಒಳಗೆ ಬಿಡುತ್ತಾರೆ. ನೋವು ಶುರುವಾಗಿತ್ತು. ಕೆಳಗೆ ಗಾಡಿ ನಿಂತಿತ್ತು.

"ಜೊತೆಗೆ ಯಾರನ್ನ ಕರ್ಕೊಂಡು ಬರ್ತೀಯ ಅಂತ ಆಸ್ಪತ್ರೇಲಿ ಕೇಳಿದ್ರು. ನಿನ್ನನ್ನ ಅಂದೆ" ಎಂದಳು ದರ್ಜಿಯ ಹೆಂಡತಿ. "ಈ ಸಲ ಎಲ್ಲೂ ಎದ್ದು ಹೋಗಲ್ಲ ತಾನೆ?"

ಗೋಡೆಯಕ್ಕ ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದು ತೋರಿಸಿದಳು. "ಹೋಗಿ ಏನ್ ಮಾಡ್ಲಿ?"

ಅಷ್ಟರಲ್ಲಿ ನೋವು ಬಂತು. ದರ್ಜಿಯ ಹೆಂಡತಿ ಆ ಎರಡು ಬೆರಳನ್ನು ಹಿಡಿದುಕೊಂಡು, ಅಷ್ಟು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಅವಳ ತೋಳು ಕಚ್ಚಿದಳು. ರಕ್ತ ಬಂತು.

"ಕಚ್ಚು" ಎಂದಳು ಗೋಡೆಯಕ್ಕ. "ಇನ್ನೂ ಜೋರಾಗಿ ಕಚ್ಚು ಕಣಮ್ಮ."